ಕುಣಿಗಲ್ಲಿನ ಮರ ಕುಯ್ಯುವ ಟ್ರಾಕ್ಟರು

ಕೆಲವರಿಗೆ ಶಾಸನದ ಹುಚ್ಚು, ಕೆಲವರಿಗೆ ಹಳೇ ನಾಣ್ಯದ ಹುಚ್ಚು. ಅವರನ್ನು ಜನ ವಿದ್ವಾಂಸರು ಅನ್ನುತ್ತಾರೆ. ನನಗೆ ಹಿಡಿದದ್ದು ಹಳೇ ಟ್ರಾಕ್ಟರುಗಳ ಹುಚ್ಚು. ಹಾಗಾಗಿ ನನ್ನನ್ನು ಬರೀ ಹುಚ್ಚ ಅಂದರು. ಎಪ್ಪತ್ತರ ದಶಕದ ಕೊನೆಯ ಮಾತು. ತುಮಕೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿ ಚರಿತ್ರೆ ಪಾಠ ಮಾಡುತ್ತಿದ್ದೆ. ಭಾನುವಾರ ಬಂತೆಂದರೆ ಹೆಗಲಿಗೆ ಚೀಲ ಹಾಕಿ ಬಸ್ ಹತ್ತುವುದು, ಹೊಲ ಬಿಟ್ಟು ಬೇರೆ ಉದ್ಯೋಗಕ್ಕೆ ಸೇರಿಕೊಂಡ ಟ್ರಾಕ್ಟರುಗಳನ್ನು ಹುಡುಕುವುದು. ಗುಬ್ಬಿಯಲ್ಲಿ ಒಂದು, ಕೊಬ್ಬರಿ ಎಣ್ಣೆಯ ಗಾಣ ತಿರುಗಿಸಿಕೊಂಡು ಸುಖವಾಗಿತ್ತು. ಅದರ ಪೂರ್ವೋತ್ತರವನ್ನು ಮನೆಯಲ್ಲಿ ವರ್ಣಿಸಿದಾಗ ನನ್ನ ಹೆಂಡತಿ ಸರೋಜ, “ನಮ್ಮ ಫ್ಯಾನು ತಿರುಗ್ತಾ ಇಲ್ಲ, ಅದರ ಚರಿತ್ರೇನೂ ಸ್ವಲ್ಪ ನೋಡ್ರೀ” ಎಂದಿದ್ದಳು.

ಕುಣಿಗಲ್ಲಿನಲ್ಲಿ ಗಫಾರ್ ಸಾಬರ ಸಾಮಿಲ್ ಇತ್ತು. ಮರ ಕುಯ್ಯುವ ಗರಗಸಕ್ಕೆ ಬೆಲ್ಟು ಹಾಕಿದ್ದ ಒಂದು ಭಾರೀ ಇಂಜಿನ್ನು, ತಗಡು ಹೊದ್ದುಕೊಂಡು, ಮರದ ದಿಮ್ಮಿಗಳ ಮೇಲೆ ಕೂತು ಗುಡುಗುತ್ತಿತ್ತು. ತಗಡು ಎತ್ತಿ ಇಣುಕಿದೆ. ಗ್ರೀಸಿನ ಕೆಸರಿನೊಳಗೆ ಗೇರಿನ ಕಡ್ಡಿ! ಕೂತಲ್ಲೇ ತಿರುಗುವ ಇಂಜಿನ್ನಿಗೆ ಗೇರು ಯಾಕೆ?

“ಸಾಬ್ರೆ, ಇದು ಟ್ರಾಕ್ಟರು!”

ಸಾಬರು ನಕ್ಕ ರಭಸಕ್ಕೆ ಲೋಟದ ಟೀ ಚೆಲ್ಲಿತು. “ಟ್ರಾಕ್ಟರ್‌ಗೆ ಚಕ್ರ ಇರ್ತವೆ ಮೇಷ್ಟ್ರೇ. ಇದು ಇಂಜಿನ್ನು. ಅಬ್ಬಾಜಾನ್ ಕಾಲದಲ್ಲಿ ಹುತ್ರಿದುರ್ಗದ ಕಡೆಯಿಂದ ಗಾಡೀಲಿ ತಂದಿದ್ದು. ಈಗ ಕರೆಂಟ್ ಮೋಟ್ರು ಬರ್ತಾ ಇದೆ. ಮುಂದಿನ ವಾರ ಇದು ಗುಜರಿಗೆ.”

ಗುಜರಿಗೆ ಹಾಕಬೇಡಿ ಎಂದು ಗೋಗರೆದೆ. ಅವರಿಗೆ ಕನಿಕರ ಬಂತೋ, ತಮಾಷೆ ಎನಿಸಿತೋ, “ಇದು ನೆಲದ ಮೇಲೆ ಓಡಿತ್ತು ಅಂತ ತೋರಿಸಿ. ಗುಜರಿಯವನನ್ನ ವಾಪಸ್ ಕಳಿಸ್ತೀನಿ” ಎಂದರು.

ಮಾರನೇ ದಿನವೇ ಸ್ಕೂಲಿಗೆ ರಜೆ ಹಾಕಿ ಹುತ್ರಿದುರ್ಗಕ್ಕೆ ಹೋದೆ. ಮನೆಮನೆಗೆ ಹೋಗಿ “ನಿಮ್ಮಲ್ಲಿ ಟ್ರಾಕ್ಟರ್ ಇತ್ತಾ?” ಎಂದು ಕೇಳುವವನನ್ನು ಯಾರು ನಂಬುತ್ತಾರೆ? ಒಬ್ಬರಂತೂ ನಾನು ಟ್ರಾಕ್ಟರು ಮಾರಲು ಬಂದವನೆಂದುಕೊಂಡು ಬಾಗಿಲು ಹಾಕಿಕೊಂಡರು. ಬಿಸಿಲಲ್ಲಿ ಬೆಂದು ಊರಾಚೆಯ ಒಂದು ಮನೆ ಮುಂದೆ ನೀರು ಕೇಳಿ ನಿಂತೆ. ನೀರು ತಂದ ಅಜ್ಜಿಯ ಹಿಂದೆ ಗೋಡೆಗೆ ಒರಗಿತ್ತು, ಮೈತುಂಬ ಕಬ್ಬಿಣದ ಹಲ್ಲುಗಳಿದ್ದ ಆಳೆತ್ತರದ ಚಕ್ರ! ಅದರ ತುಂಬ ಕುಂಬಳದ ಬಳ್ಳಿ. ಚೊಂಬು ಹಿಡಿದೇ ಅದರ ಕಡೆ ಕೈ ತೋರಿಸಿದೆ.

“ಇದಾ? ನಮ್ಮ ಯಜಮಾನ್ರು ಓಡಿಸ್ತಿದ್ದ ಟ್ರಾಕ್ಟರಿಂದು ಕಣಪ್ಪ” ಎಂದರು ನಂಜಮ್ಮ. ಅದು ಅಜ್ಜಿಯ ಹೆಸರು. “ಮರ ಕುಯ್ಯಕ್ಕೆ ಚಕ್ರ ಯಾಕೆ ಅಂತ, ಅದನ್ನ ಕೊಂಡ ಕುಣಿಗಲ್ ದೊಡ್ಡ ಸಾಬ್ರು ಬುಟ್ಟೋದ್ರು. ನಾಲ್ಕೂ ಇಲ್ಲೇ ಅವೆ.”

“ಕೊಡ್ತೀರಾ ಅಜ್ಜಿ?”

“ಕೊಡ್ತೀನಿ. ಆದ್ರೆ ನಾನೂ ಬರ್ತೀನಿ. ಅದರ ಸದ್ದು ಕೇಳಿ ಎಷ್ಟು ಕಾಲ ಆಯ್ತೋ.”

ಹೀಗೆ ನಮ್ಮ ದಿಬ್ಬಣ ಕುಣಿಗಲ್ಲಿಗೆ ಲಾರಿಯಲ್ಲಿ ಹೊರಟಿತು. ಡ್ರೈವರ್ ಪಕ್ಕದಲ್ಲಿ ನಂಜಮ್ಮ, ಹಿಂದೆ ಚಕ್ರಗಳ ಜೊತೆ ನಾನು. ಸಾಮಿಲ್ಲಿನಲ್ಲಿ ಜ್ಯಾಕು ಕೊಟ್ಟು ಇಂಜಿನ್ನು ಎತ್ತಿ, ಬೆಲ್ಟು ಬಿಚ್ಚಿ, ಚಕ್ರ ಹಿಡಿದರೆ, ಬೋಲ್ಟಿನ ತೂತುಗಳು ಒಂದಕ್ಕೊಂದು ಅಚ್ಚು ಹೊಡೆದಂತೆ ಕೂತವು! ಗಫಾರ್ ಸಾಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಬೀದಿಗೆ ಬೀದಿಯೇ ಸೇರಿತು. ಇಂಜಿನ್ನು ಶುರುವಾಗಿ ‘ಡಬ್ ಡಬ್’ ಎಂದಾಗ ನಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು, “ಅದೇ ಸದ್ದು ಕಣಪ್ಪ, ಅದೇ ಸದ್ದು” ಎಂದರು.

ಓಡಿಸುವವರು ಯಾರು? ಸಂಶೋಧಕನೇ ಓಡಿಸಬೇಕು ಎಂದೆ. ಸೀಟಿರಲಿಲ್ಲ, ಹಲಗೆ ಇಟ್ಟರು. ಸ್ಟೀರಿಂಗಂತೂ ಇರಲೇ ಇಲ್ಲ. ನೇರವಾಗಿ ನಾಲ್ಕು ಮಾರು ಹೋದರೆ ಸಾಕು ಎಂದುಕೊಂಡು ಗೇರು ತಳ್ಳಿದೆ. ನೆಲ ನಡುಗಿತು, ಟ್ರಾಕ್ಟರು ಹೊರಟಿತು! ಜನ ಶಿಳ್ಳೆ ಹೊಡೆದರು. ದಸರೆಯ ಅಂಬಾರಿಯಲ್ಲಿ ಕೂತವರಿಗೂ ಅಷ್ಟು ಹೆಮ್ಮೆ ಇರಲಾರದು. ನಾಲ್ಕು ಮಾರು ಮುಗಿಯಿತು, ಟ್ರಾಕ್ಟರು ಮುಗಿಸಲಿಲ್ಲ. ಗಫಾರ್ ಸಾಬರು ಪಕ್ಕದಲ್ಲೇ ಓಡುತ್ತಾ ಕೂಗಿದರು, “ಬ್ರೇಕ್ ಹಾಕಿ ಮೇಷ್ಟ್ರೇ, ಬ್ರೇಕು!”

“ಎಲ್ಲಿದೆ?”

“ನೀವು ತಾನೇ ಸಂಶೋಧಕರು!”

ಎದುರಿಗೆ ಮನೆಯೆತ್ತರ ಗುಡ್ಡೆ ಹಾಕಿದ್ದ ಮರದ ಹೊಟ್ಟು. ಚರಿತ್ರೆ ಮತ್ತು ಚರಿತ್ರೆಕಾರ ಇಬ್ಬರೂ ಒಟ್ಟಿಗೇ ಅದರೊಳಗೆ ನುಗ್ಗಿ ನಿಂತೆವು.

ಕಣ್ಣು, ಮೂಗು, ಬಾಯಿಯಿಂದ ಹೊಟ್ಟು ಉದುರಿಸುತ್ತಾ ತಲೆ ಹೊರಗೆ ಹಾಕಿ ಕೇಳಿದೆ: “ಈಗ ಒಪ್ತೀರಾ ಸಾಬ್ರೆ, ಟ್ರಾಕ್ಟರು ಅಂತ?”

“ಒಪ್ಪಿದೆ ಮೇಷ್ಟ್ರೇ. ಗುಜರಿಗೆ ಹಾಕಲ್ಲ, ಅಬ್ಬಾಜಾನ್ ಆಣೆ” ಎಂದರು ಸಾಬರು, ಏದುಸಿರು ಬಿಡುತ್ತಾ. “ಮೊದ್ಲು ನೀವು ಕೆಳಗಿಳೀರಿ.”