ಕಾಫಿ ಕಣದಲ್ಲೊಂದು ಇರಾನ್

ನನ್ನ ಸೋದರಮಾವ ವಾಸವಾಗಿದ್ದುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಎಂಬುದನ್ನು ಅವರೊಬ್ಬರನ್ನು ಬಿಟ್ಟು ಊರವರೆಲ್ಲ ಒಪ್ಪುತ್ತಿದ್ದರು. ಅವರ ಪ್ರಕಾರ ಅವರಿದ್ದುದು ಇರಾನಿನ ಪ್ರಸ್ಥಭೂಮಿಯಲ್ಲಿ! ಹೈಸ್ಕೂಲಿನ ಭೂಗೋಳದ ಮೇಷ್ಟ್ರು. ಬೇರೆ ದೇಶಗಳನ್ನೆಲ್ಲ ಒಂದೇ ಉಸಿರಿಗೆ ಮುಗಿಸಿ ಉಳಿದ ವರ್ಷವನ್ನು ಅಲ್ಲೇ ಕಳೆಯುತ್ತಿದ್ದರಂತೆ.

ಈ ಹುಚ್ಚು ಹಿಡಿಸಿದ್ದು ಅತ್ತೆಯ ಉಬ್ಬಸ. ಜೂನ್ ಬಂತೆಂದರೆ ಅವರಿಗೆ ಉಸಿರೆಳೆಯುವುದೇ ಒಂದು ಕೆಲಸ. "ಒಣ ಹವೆ ಇರೋ ಕಡೆ ಕರ್ಕೊಂಡು ಹೋಗಿ" ಎಂದರು ಡಾಕ್ಟರು. ಅವರ ಮನಸ್ಸಿನಲ್ಲಿದ್ದುದು ಚಿತ್ರದುರ್ಗವೋ ಬಳ್ಳಾರಿಯೋ ಇರಬೇಕು. ಅತ್ತೆ ಕಾಫಿ ತೋಟ ಬಿಟ್ಟು ಕದಲಲಿಲ್ಲ. ಮಾವ ಅಟ್ಲಾಸ್ ತೆರೆದರು. ತೆರೆದವರು ಚಿತ್ರದುರ್ಗದಲ್ಲೇ ನಿಲ್ಲಬೇಕೋ ಬೇಡವೋ?

ಸಂಜೆ ಅತ್ತೆಯನ್ನು ಒಲೆಯ ಮುಂದೆ ಕೂರಿಸಿಕೊಂಡು, ಕಣ್ಣು ಅರೆಮುಚ್ಚಿ ಹೇಳುವರು: "ಸುತ್ತ ಬೆಟ್ಟ. ಮೋಡ ಬಂದ್ರೂ ಆಚೆ ಮಗ್ಗುಲಿಗೇ ಸುರ್ದು ಖಾಲಿ. ಒಳಗೆ ಒಣ ನೆಲ. ಅಲ್ಲಿನ ಹೊಳೆಗಳು ಸಮುದ್ರ ಕಾಣೋದೇ ಇಲ್ಲ ಮಾರಾಯ್ತಿ."

"ಮತ್ತೆ ಎಲ್ಲಿಗೆ ಹೋಗ್ತವೆ?"

"ಒಳಗೇ ಹರ್ದು, ಒಳಗೇ ಒಣಗಿ, ಉಪ್ಪಾಗ್ತವೆ."

ಅತ್ತೆ ನಂಬಲಿಲ್ಲ. ಊರಲ್ಲೇ ಹುಟ್ಟಿದ ಹೇಮಾವತಿ ಹೊಳೆ ಊರು ಬಿಟ್ಟು ಓಡುವುದನ್ನು ನೋಡುತ್ತ ಬಾಳಿದ ಹೆಂಗಸು!

ಆ ವರ್ಷ ಕೊಯ್ಲಿಗೆ ಮೊದಲು, ಕಾಫಿ ಒಣಗಿಸುವ ಕಣಕ್ಕೆ ಹೊಸ ಸಿಮೆಂಟು ಹಾಕಿಸಿದರು. ಕಣದ ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಡುವುದು ಲೋಕರೂಢಿ. ಮಾವ ಗಾರೆಯವನಿಂದ ಸುತ್ತಲೂ ಎತ್ತರ ಮಾಡಿಸಿ, ನಡುವೆ ತಗ್ಗು ಬಿಡಿಸಿದರು. ಜನವರಿಯಲ್ಲಿ ಅಕಾಲದ ಮಳೆ ಬಂತು. ಹರಡಿದ್ದ ಕಾಫಿಯೆಲ್ಲ ಮೆಲ್ಲಗೆ ಹೊರಟು, ನಡುವೆ ಸೇರಿ ತೇಲತೊಡಗಿತು.

"ಅಯ್ಯಾ, ಕಾಫಿ ಈಜ್ತಾ ಇದೆ" ಎಂದ ತೋಟದ ಮೇಸ್ತ್ರಿ.

ಮಾವ ಅತ್ತೆಯನ್ನು ಜಗಲಿಗೆ ಕರೆದರು. "ನೋಡು, ಹೋಯ್ತಾ ಸಮುದ್ರಕ್ಕೆ?"

ಅತ್ತೆ ಬೈಯಲೆಂದು ಕೂಡಿಸಿಕೊಂಡ ಉಸಿರನ್ನೆಲ್ಲ ನಗುವುದಕ್ಕೇ ಖರ್ಚು ಮಾಡಿದರು.

ಮುಂದಿನ ಮಳೆಗಾಲದ ಒಂದು ಮಧ್ಯಾಹ್ನ ಉಬ್ಬಸ ಜೋರಾಯಿತು. ನಾನೂ ಅಲ್ಲಿದ್ದೆ. ಮದ್ದು ಕೊಟ್ಟಾಗಿತ್ತು. ಆಸ್ಪತ್ರೆಗೆ ಒಯ್ಯಬೇಕಾದ ಜೀಪು, ದಾರಿಗೆ ಮರ ಬಿದ್ದು ಆಚೆಯೇ ನಿಂತಿತ್ತು. ಮಾವ ಅತ್ತೆಯ ಹಿಂದೆ ಕೂತು, ಬೆನ್ನು ನೀವುತ್ತ ಶುರುಮಾಡಿದರು.

"ಬೆಟ್ಟದ ಮೇಲೆ ಹಿಮ ಕರಗ್ತು... ಹೊಳೆ ಇಳೀತಾ ಇದೆ... ಅವಸರ ಇಲ್ಲ, ಅದಕ್ಕೆ ಎಲ್ಲಿಗೂ ಹೋಗ್ಬೇಕಾಗಿಲ್ಲ... ಮರಳಲ್ಲಿ ಸಣ್ಣಗಾಯ್ತು... ಇನ್ನು ಬರೀ ಉಪ್ಪು, ಬೆಳ್ಳಗೆ... ಒಣ ಗಾಳಿ..."

ಹೊಳೆ ನಿಧಾನವಾದಂತೆ ಅತ್ತೆಯ ಉಸಿರೂ ನಿಧಾನವಾಯಿತು.

ಅಂತೂ ಅಂಗಳದಲ್ಲಿ ಜೀಪಿನ ಹಾರನ್ ಕೇಳಿಸಿತು. ಮಾವ ಏಳಹೋದರು. ಅತ್ತೆ ಕೈ ಹಿಡಿದು ಕೂರಿಸಿದರು.

"ತಡೀರಿ. ಇಲ್ಲಿ ಬಿಸ್ಲು ಚೆನ್ನಾಗಿದೆ."