ಸಾವಿನ ಮನೆಗೊಂದು ಪ್ರಿಂಟರ್

ನನ್ನ ಕಸುಬಿನಲ್ಲಿ ನಗಬಾರದ ಕಡೆಯೇ ನಗು ಬರುತ್ತದೆ, ಅದೂ ಒಂದು ಸಲ ಎರಡು ಸಲ ಅಲ್ಲ. ತಡೆದುಕೊಳ್ಳೋಕೆ ಕೆನ್ನೆಯ ಒಳಭಾಗ ಕಚ್ಚಿ ಕಚ್ಚಿ ಅಲ್ಲೊಂದು ಸಣ್ಣ ಗಂಟೇ ಆಗಿಬಿಟ್ಟಿದೆ. ಹಲ್ಲಿನ ಡಾಕ್ಟರು ಇದೇನು ಅಂತ ಕೇಳಿದಾಗ ನಿಜ ಹೇಳೋಕೆ ನಾಚಿಕೆಯಾಗಿ, ಅಡಿಕೆ ಅಂದೆ.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಆಮೇಲೆ ಎಲ್ಲರ ಜೇಬಿಗೂ ಕ್ಯಾಮೆರಾ ಬಂತು. ಪಾಸ್‌ಪೋರ್ಟ್ ಸೈಜ್ ಫೋಟೋ ಜೆರಾಕ್ಸ್ ಅಂಗಡಿಯವರ ಪಾಲಾಯಿತು. ಜನ ಫೋಟೋ ತೆಗೆಯೋದನ್ನು ನಿಲ್ಲಿಸಲಿಲ್ಲ, ಕಾಗದದ ಮೇಲೆ ಹಾಕಿಸೋದನ್ನು ನಿಲ್ಲಿಸಿದರು. ಒಂದೇ ಒಂದು ಸಂದರ್ಭಕ್ಕೆ ಮಾತ್ರ ಇವತ್ತಿಗೂ ಕಾಗದ ಬೇಕು, ಮನೆಯಲ್ಲಿ ಯಾರಾದರೂ ಹೋದಾಗ. ಮೊಬೈಲಿಗೆ ಹಾರ ಹಾಕೋಕೆ ಆಗಲ್ಲವಲ್ಲ.

ಸ್ಟುಡಿಯೋ ಷಟರ್ ಕೊನೇ ಸಲ ಎಳೆದು ಬಂದ ದಿನ ನನ್ನ ಹೆಂಡತಿ ಹೇಳಿದಳು: “ಮನೇಲೇ ಒಂದು ಪ್ರಿಂಟರ್ ಇಟ್ಕೊಳ್ಳೋಣ ರೀ. ಯೋಚನೆ ಮಾಡ್ಬೇಡಿ, ಸಾಯೋರು ಸಾಯ್ತಾನೇ ಇರ್ತಾರೆ.”

ಅವಳು ಧೈರ್ಯ ಹೇಳೋ ರೀತಿ ಮೊದಲಿಂದಲೂ ಹೀಗೇ.

೧. ಯಾವ ಯೂಸಿಗೆ ಸಾರ್?

ಇಬ್ಬರೂ ಟೌನಿನ ಒಂದು ದೊಡ್ಡ ಅಂಗಡಿಗೆ ಹೋದೆವು. ಅಲ್ಲಿನ ಸೇಲ್ಸ್‌ಮನ್ ಟೈ ಕಟ್ಟಿಕೊಂಡು ಓಡಿಬಂದ.

“ಹೋಮ್ ಯೂಸಾ ಸಾರ್, ಟ್ರಾವೆಲ್ ಯೂಸಾ?”

“ಸದ್ಯಕ್ಕೆ ಮನೆಗೆ,” ಅಂದೆ.

ಅವನು ಒಂದು ಪ್ರಿಂಟರಿನ ಡಬ್ಬ ತೋರಿಸಿದ. ಡಬ್ಬದ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು ಸಮುದ್ರದ ದಡದಲ್ಲಿ ಹಲ್ಲು ಬಿಡುತ್ತಾ ಓಡುತ್ತಿದ್ದರು. “ಬರ್ತ್‌ಡೇ, ಫ್ಯಾಮಿಲಿ ಟ್ರಿಪ್ಪು, ಎಲ್ಲಾ ಖುಷಿ ಖುಷಿಯಾಗಿ ಬರುತ್ತೆ ಸಾರ್. ಕಲರ್ ಹಂಗೇ ಎದ್ದು ಬರುತ್ತೆ.”

“ಅಷ್ಟೊಂದು ಎದ್ದು ಬರೋದು ಬೇಡಪ್ಪ. ಸ್ವಲ್ಪ ಗಂಭೀರವಾಗಿ ಬರ್ಬೇಕು.”

“ಯಾವ ಫಂಕ್ಷನ್ನಿಗೆ ಸಾರ್?”

ನಾನು ಹೇಗೆ ಹೇಳೋದು ಅಂತ ತಡವರಿಸುವಷ್ಟರಲ್ಲಿ ಹೆಂಡತಿ ಹೇಳಿಯೇಬಿಟ್ಟಳು: “ತಿಥಿಗೆ.”

ಪಾಪ, ಅವನು ಸಮುದ್ರದ ದಡದ ಸಂಸಾರವನ್ನು ನಿಧಾನವಾಗಿ ಗೋಡೆ ಕಡೆ ತಿರುಗಿಸಿಟ್ಟ. ದನಿ ತಗ್ಗಿಸಿ ಕೇಳಿದ: “ಸಾರಿ ಮೇಡಂ. ಯಾರು ಹೋಗಿದ್ದು?”

“ಇನ್ನೂ ಯಾರೂ ಹೋಗಿಲ್ಲಪ್ಪ,” ಅಂದಳು ನನ್ನ ಹೆಂಡತಿ. “ಕಾಯ್ತಾ ಇದೀವಿ.”

೨. ಭಾನುವಾರದ ಫೋಟೋ

ಕೊನೆಗೆ ತಂದಿದ್ದು ಬಾಟ್ಲಿಯಿಂದ ಇಂಕು ಸುರಿಯೋ ಟ್ಯಾಂಕಿನ ಪ್ರಿಂಟರು. ಒಳ್ಳೇ ಮಿಷನ್ನು. ಆದರೆ ಸುಮ್ಮನೆ ಬಿಟ್ಟರೆ ಇಂಕು ಒಣಗಿ ಕಟ್ಟಿಕೊಳ್ಳುತ್ತೆ, ವಾರಕ್ಕೊಂದಾದರೂ ಕಲರ್ ಫೋಟೋ ತೆಗೀತಾ ಇರಿ ಅಂತ ಸೇಲ್ಸ್‌ಮನ್ ಎಚ್ಚರಿಸಿದ್ದ.

ಆ ದಿನಗಳಲ್ಲಿ ನನಗೆ ಯಾವುದೂ ಬೇಡವಾಗಿತ್ತು. ಬೆಳಿಗ್ಗೆ ಎದ್ದರೆ ಹೋಗೋಕೆ ಜಾಗವಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಮೂರು ತಿಂಗಳು ಗೇಟು ದಾಟಲಿಲ್ಲ. ಪ್ರಿಂಟರಿನ ಆರೈಕೆಯನ್ನೂ, ನನ್ನ ಆರೈಕೆಯನ್ನೂ ಹೆಂಡತಿಯೇ ಮಾಡುತ್ತಿದ್ದಳು. ಪ್ರತಿ ಭಾನುವಾರ ತಿಂಡಿ ಆದ ಮೇಲೆ ನನ್ನದೇ ಒಂದು ಹಳೇ ಫೋಟೋ ಪ್ರಿಂಟ್ ತೆಗೆದು ಟೇಬಲ್ ಮೇಲೆ ಇಡೋಳು. ಕಂಪ್ಯೂಟರಿನಲ್ಲಿ ಸುಲಭವಾಗಿ ಸಿಗೋದು ಅದೊಂದೇ ಅಂತೆ.

ಒಂದು ದಿನ ಪಕ್ಕದ ಮನೆಯ ಹೆಂಗಸು ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದರು. ಟೇಬಲ್ ಮೇಲೆ ನನ್ನ ಹನ್ನೆರಡು ಫೋಟೋ. ಮೂರು ತಿಂಗಳಿಂದ ನನ್ನ ಸುಳಿವಿಲ್ಲ. ಅವರ ಕಣ್ಣು ತುಂಬಿತು. ನನ್ನ ಹೆಂಡತಿಯ ಕೈ ಹಿಡಿದುಕೊಂಡು, “ಒಂದ್ ಮಾತು ಹೇಳಿ ಕಳಿಸ್ಬಾರ್ದಿತ್ತಾ? ಯಾವತ್ತಾಯ್ತಮ್ಮಾ?” ಅಂದರು.

ಅಷ್ಟರಲ್ಲಿ ನಾನು ಟವಲ್ ಸುತ್ತಿಕೊಂಡು ಬಚ್ಚಲಿಂದ ಹೊರಗೆ ಬಂದೆ. ಆಯಮ್ಮ ಕಿರುಚಲಿಲ್ಲ. ನನ್ನನ್ನೊಮ್ಮೆ ನೋಡಿದರು, ಫೋಟೋಗಳನ್ನೊಮ್ಮೆ ನೋಡಿದರು. ಹೆಪ್ಪಿನ ಲೋಟ ಎತ್ತಿಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು:

“ಫೋಟೋಲೇ ವಾಸಿ ಕಣಮ್ಮ, ಮಖದಲ್ಲಿ ಜೀವ ಐತೆ.”

ಮಾರನೇ ದಿನ ನಾನು ಗಡ್ಡ ಬೋಳಿಸಿಕೊಂಡು ಗೇಟಿಂದಾಚೆ ಹೋದೆ.

೩. ಗುಬ್ಬಿಯ ಯಜಮಾನರು

ಮೊದಲು ಕರೆ ಬಂದಿದ್ದು ಗುಬ್ಬಿ ಕಡೆಯ ಒಂದು ತೆಂಗಿನ ತೋಟದ ಮನೆಯಿಂದ. ಫೋನ್ ಮಾಡಿದ್ದು ಸಾಕ್ಷಾತ್ ಗಿರಾಕಿಯೇ. ಎಂಬತ್ತು ದಾಟಿದ ಯಜಮಾನರು. ತಾವು ಹೋದ ಮೇಲೆ ಗೋಡೆಗೆ ಹಾಕೋ ಫೋಟೋವನ್ನು ತಾವೇ ನೋಡಿ ಆರಿಸಬೇಕಂತೆ. “ಮಿಷನ್ ಎತ್ಕಂಡೇ ಬಾ. ನನ್ ಕಣ್ಣೆದ್ರಿಗೇ ಆಗ್ಬೇಕು,” ಅಂದರು.

ಟ್ಯಾಂಕಿನ ಪ್ರಿಂಟರನ್ನು ಓರೆ ಮಾಡಬಾರದು ಅಂತ ನನಗೆ ಗೊತ್ತಿತ್ತು, ಗುಬ್ಬಿ ರಸ್ತೆಯ ಹಂಪುಗಳಿಗೆ ಗೊತ್ತಿರಲಿಲ್ಲ. ಬೈಕಿನ ಹಿಂದೆ ಹೆಂಡತಿ ಅದನ್ನು ಮಗುವಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಳು. ತೋಟ ಮುಟ್ಟಿ ಇಳಿದಾಗ ಕೆಂಪೂ ಹಳದಿಯೂ ಪೂರ್ತಿ ನನ್ನ ಬಿಳೀ ಅಂಗಿಯ ಬೆನ್ನಿಗೆ ಇಳಿದಿತ್ತು. ಮಿಷನ್ನಿನಲ್ಲಿ ಉಳಿದಿದ್ದು ನೀಲಿ ಒಂದೇ.

ಯಜಮಾನರು ಜಗಲಿಯ ಮೇಲೆ ಕೂತಿದ್ದರು. “ಏನಪ್ಪಾ, ಸಾವಿನ ಕೆಲ್ಸುಕ್ಕೆ ಓಕಳಿ ಆಡ್ಕಂಡ್ ಬಂದಿದೀಯ?” ಅಂದರು. ಒಳಗೆ ಕರೆದು ಗೋಡೆಯ ಮೇಲಿದ್ದ ಅಣ್ಣನ ಫೋಟೋ ತೋರಿಸಿದರು. ಅರ್ಧ ಕಣ್ಣು ಮುಚ್ಚಿ, ಕತ್ತು ಮುಂದೆ ಚಾಚಿದ ಮನುಷ್ಯ.

“ನೋಡು, ನಮ್ಮಣ್ಣಂಗೆ ಎಂಥಾ ಅನ್ಯಾಯ ಆಗೈತೆ. ಹೋದ್ಮೇಲೆ ಅರ್ಜೆಂಟಲ್ಲಿ ವೋಟರ್ ಕಾರ್ಡಿಂದ ಎತ್ತಿ ದೊಡ್ಡದ್ ಮಾಡ್ಸುದ್ರು. ಊರಿಗೆ ನ್ಯಾಯ ಹೇಳಿದ್ ಮನ್ಸ, ಈಗ ಕಾಯಿ ಕದ್ದು ಸಿಕ್ಬಿದ್ದೋನಂಗೆ ನಿಂತವ್ನೆ.”

ಅವರನ್ನು ಕೂರಿಸಿ, ಪೇಟ ಸರಿ ಮಾಡಿ, ಬಹಳ ಹೊತ್ತು ಕಾದು ಒಂದು ಒಳ್ಳೇ ಫೋಟೋ ತೆಗೆದೆ. ಇಂಕಿನ ಕಥೆ ಹೇಳಿದರೂ ಕೇಳಲಿಲ್ಲ, ಈಗಲೇ ತೆಗಿ ಅಂತ ಹಟ. ತೆಗೆದೆ. ಮುಖ, ಮೀಸೆ, ಪೇಟ ಎಲ್ಲ ಕಡುನೀಲಿ.

ಯಜಮಾನರು ಬಿಸಿಲಿಗೆ ಹಿಡಿದು ನೋಡಿದರು. “ಇದು ಹಾವ್ ಕಚ್ಚಿ ಹೋದೋನ್ ಫೋಟೋ ಕಣಪ್ಪ. ನಾನ್ ವಯಸ್ಸಾಗಿ ಹೋಗೋನು.”

ಮನೆಗೆ ಬಂದು, ಹೊಸ ಇಂಕು ತುಂಬಿ ಸರಿಯಾದ ಫೋಟೋ ತೆಗೆದು ಕಟ್ಟು ಹಾಕಿಸಿ ತಗೊಂಡು ಹೋದೆ. ಅವರಿಗೆ ತುಂಬಾ ಹಿಡಿಸಿತು. ಆದರೆ ಇಟ್ಟುಕೊಳ್ಳಲಿಲ್ಲ. “ಈಗ್ಲೇ ಮನೇಲಿಟ್ರೆ ನಮ್ಮನೆಯವ್ಳು ದಿನಾ ಅಳ್ತಾಳೆ. ನಿನ್ ತಾವೇ ಮಡಿಕ್ಕಂಡಿರು,” ಅಂದರು.

ಇವತ್ತಿಗೂ ಅದು ನಮ್ಮ ಬೀರುವಿನಲ್ಲಿ ಸೀರೆಗಳ ನಡುವೆ ಇದೆ. ಆಗಾಗ ಫೋನ್ ಬರುತ್ತೆ.

“ನಂದು ಐತಾ? ಕೆಟ್ಟಿಲ್ಲ ತಾನೆ?”

“ಚೆನ್ನಾಗಿದೆ ಯಜಮಾನ್ರೇ. ನೀವು ಹೆಂಗಿದೀರಿ?”

“ನಾನಾ? ನಾನೇ ಕೆಡ್ತಾ ಇದೀನಿ.”

೪. ನೂರು ವರ್ಷ

ಟ್ಯಾಂಕಿನ ಮಿಷನ್ನು ಮನೆಗೇ ಸರಿ, ಓಡಾಟಕ್ಕೆ ಬೇರೆ ಬೇಕು ಅಂತ ತೀರ್ಮಾನವಾಯಿತು. ಮತ್ತೆ ಅದೇ ಅಂಗಡಿ, ಅದೇ ಸೇಲ್ಸ್‌ಮನ್. ನಮ್ಮನ್ನು ನೋಡುತ್ತಲೇ ಟೈ ಸಡಿಲ ಮಾಡಿಕೊಂಡು ದುಃಖದ ಮುಖ ಹಾಕಿಕೊಂಡ.

ಮೊದಲು ಜೇಬಿಗೆ ಹಿಡಿಸುವ ಒಂದು ಪ್ರಿಂಟರ್ ತೋರಿಸಿದ. ಇಂಕೇ ಬೇಡವಂತೆ, ಫೋಟೋ ಹಿಂದೆ ಅಂಟು ಬೇರೆ ಇರುತ್ತಂತೆ. ಬಂದ ಫೋಟೋ ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದು.

ಹೆಂಡತಿ ತಿರುಗಿಸಿ ನೋಡಿದಳು. “ಇದಕ್ಕೆ ಹಾರ ಹಾಕಿದ್ರೆ ಮನುಷ್ಯ ಎಲ್ಲಪ್ಪ ಕಾಣ್ತಾನೆ?”

ಆಮೇಲೆ ಟಿಫನ್ ಬಾಕ್ಸಿನಷ್ಟು ದಪ್ಪದ್ದು ತಂದ. ಪೋಸ್ಟ್‌ಕಾರ್ಡ್ ಸೈಜು. ಚೆಲ್ಲೋ ಇಂಕಿಲ್ಲ, ಬಣ್ಣದ ರಿಬ್ಬನ್ನು. ಬ್ಯಾಟರಿ ಇದೆ, ಕರೆಂಟಿಲ್ಲದಿದ್ದರೂ ನಡೆಯುತ್ತೆ. ಡೆಮೋ ಪೀಸ್ ಇರಲಿಲ್ಲ, ಬಾಯಲ್ಲೇ ಹೇಳಿದ: “ನೀರ್ ಬಿದ್ರೂ ಏನಾಗಲ್ಲ ಮೇಡಂ. ನೂರು ವರ್ಷ ಬಾಳಿಕೆ ಬರುತ್ತೆ.”

ಹೆಂಡತಿ ಡಬ್ಬ ಕೈಗೆತ್ತಿಕೊಂಡಳು. ಅವಳ ತಮ್ಮ ಐವತ್ತು ತುಂಬೋ ಮುಂಚೆ ಹೋಗಿದ್ದ.

“ಮನುಷ್ಯರು ಸಿಗೋ ಅಂಗಡೀಲೂ ಇಂಥಾ ಮಾತು ಯಾರಾದ್ರೂ ಹೇಳೋ ಹಂಗಿದ್ರೆ,” ಅಂದಳು. “ಇರ್ಲಿ, ಇದನ್ನೇ ಕಟ್ಟಪ್ಪ.”

೫. ಹಳದಿ, ಕೆಂಪು, ನೀಲಿ

ಆ ಹೊಸ ಮಿಷನ್ನಿನ ಡಬ್ಬ ಒಡೆಯೋಕೆ ಮುಂಚೆಯೇ ಕುಣಿಗಲ್ ಹತ್ತಿರದ ನಮ್ಮೂರಲ್ಲಿ ಅಮ್ಮ ಹೋದಳು. ಬೆಳಿಗ್ಗೆ ರಾಗಿ ಒಣಹಾಕಿ ಬಂದು ಕೂತವಳು ಏಳಲಿಲ್ಲ.

ಮೂರನೇ ದಿನ ಹಾಲು ತುಪ್ಪ ಬಿಡೋ ಕಾರ್ಯ. ಎಡೆ ಮುಂದೆ ಇಡೋಕೆ ಫೋಟೋ ಎಲ್ಲಿ ಅಂತ ಯಾರೋ ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ಊರವರ ಫೋಟೋ ಎಲ್ಲ ತೆಗೆದ ನನ್ನ ಹತ್ತಿರ ಅಮ್ಮನದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ಸೆರಗು ಮುಖಕ್ಕೆ ಎಳೆದುಕೊಂಡು “ನನ್ ಮೂತಿ ಯಾಕ್ಲಾ, ಬುಡು” ಅನ್ನೋಳು. ನಾನೂ ಬಿಟ್ಟೆ. ಇನ್ನೊಂದು ದಿನ ತೆಗೆದರಾಯಿತು ಅಂದುಕೊಂಡು ಇಪ್ಪತ್ತೆರಡು ವರ್ಷ ಬಿಟ್ಟೆ.

ಹೆಂಡತಿಯ ಮೊಬೈಲಿನಲ್ಲಿ ಒಂದೇ ಒಂದು ಸಿಕ್ಕಿತು. ಅಮ್ಮ ಅವರೆಕಾಯಿ ಸುಲಿಯುತ್ತಾ ಯಾರಿಗೋ ಬೈಯುತ್ತಿದ್ದಾಳೆ, ಬಾಯಿ ದೊಡ್ಡದಾಗಿ ತೆರೆದಿದೆ. ಬೈಸಿಕೊಳ್ಳುತ್ತಿರೋನು ನಾನೇ ಅಂತ ನನಗೆ ಗೊತ್ತು.

ಪಡಸಾಲೆಯಲ್ಲಿ ಮಿಷನ್ ಇಟ್ಟೆ. ಕರೆಂಟಿರಲಿಲ್ಲ, ಬ್ಯಾಟರಿ ಹಾಕಿದೆ. ಹೆಂಗಸರೆಲ್ಲ ಸುತ್ತ ಕೂತರು. ಎಲ್ಲರಿಗಿಂತ ಮುಂದೆ ಚಿಕ್ಕಮ್ಮ, ಅಮ್ಮನ ಬೆನ್ನಿಗೆ ಹುಟ್ಟಿದ ತಂಗಿ. ಈ ಜಾತಿಯ ಪ್ರಿಂಟರು ಒಂದೊಂದೇ ಬಣ್ಣ ಹಚ್ಚುತ್ತದೆ, ಪ್ರತಿ ಬಣ್ಣಕ್ಕೂ ಕಾಗದವನ್ನು ಹೊರಗೆ ಚಾಚಿ ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ ಅನ್ನೋದು ಆವತ್ತಿನವರೆಗೂ ನನಗೇ ಗೊತ್ತಿರಲಿಲ್ಲ.

ಕಾಗದ ಹೊರಗೆ ಬಂತು. ಅಮ್ಮನ ಮುಖ ಪೂರ್ತಿ ಹಳದಿ.

“ಇದೇನ್ಲಾ, ಅರಿಶಿಣ ಬಳ್ದೈತೆ!” ಅಂದಳು ಚಿಕ್ಕಮ್ಮ. ಕಾಗದ ಒಳಕ್ಕೆ ಹೋಯಿತು. ಮತ್ತೆ ಬಂದಾಗ ಮುಖಕ್ಕೆ ಕೆಂಪು ಏರಿತ್ತು. “ಕುಂಕ್ಮಾನೂ ಬಂತು ನೋಡ್ರೇ.”

ಅಪ್ಪ ಹೋಗಿ ಹದಿನಾರು ವರ್ಷ. ಅಷ್ಟೂ ವರ್ಷ ಅಮ್ಮ ಎರಡನ್ನೂ ಮುಟ್ಟಿರಲಿಲ್ಲ. ಯಾರೋ ಮೂಗೊರೆಸಿಕೊಂಡರು. ಕಾಗದ ಮತ್ತೆ ಒಳಕ್ಕೆ ಹೋಯಿತು, ನೀಲಿ ಹಚ್ಚಿಕೊಂಡು ಬಂತು. ಈಗ ಅಮ್ಮ ಅಮ್ಮನ ಹಾಗೇ ಇದ್ದಳು. ಚಿಕ್ಕಮ್ಮ ಕೈ ಚಾಚಿದಳು. ಮೇಲೊಂದು ಹೊಳಪು ಹಚ್ಚೋಕೆ ಮಿಷನ್ನು ಇನ್ನೊಂದು ಸಲ ಒಳಕ್ಕೆ ಎಳೆದುಕೊಂಡಿತು.

ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ, ಇವ್ಳು ಬದುಕಿದ್ದಾಗ್ಲೂ ಹಿಂಗೇ ಕಣ್ರೇ! ಮದ್ವೆಗ್ ಹೊಂಟ್ರೂ ಸೈ, ಆಸ್ಪತ್ರೆಗ್ ಹೊಂಟ್ರೂ ಸೈ. ಬಾಗ್ಲತಂಕ ಬರೋಳು, ಒಲೆ ಆರ್ಸಿದ್ನಾ ಅಂತ ಒಳಕ್ಕೋಗೋಳು. ಮತ್ತೆ ಬರೋಳು, ಹಾಲು ಮುಚ್ಚಿದ್ನಾ ಅಂತ ಒಳಕ್ಕೋಗೋಳು. ಇವ್ಳ ದೆಸೆಯಿಂದ ಎಷ್ಟ್ ಬಸ್ ತಪ್ಪೋಗವೆ ನಂಗೆ!”

ಮೊದಲು ನಕ್ಕಿದ್ದು ನಾನೇ. ಆಮೇಲೆ ನನ್ನ ಹೆಂಡತಿ. ಆಮೇಲೆ ಮೂರು ದಿನದಿಂದ ಅತ್ತು ಸುಸ್ತಾಗಿದ್ದ ಅಷ್ಟೂ ಜನ. ಅಡುಗೆಯವರು ಸೌಟು ಹಿಡಿದುಕೊಂಡೇ ಏನಾಯಿತೋ ಅಂತ ಬಂದು ನೋಡಿದರು.

ಅಷ್ಟರಲ್ಲಿ ಫೋಟೋ ಪೂರ್ತಿಯಾಗಿ ಈಚೆ ಬಂದು ಬಿತ್ತು. ನಾನು ಎತ್ತಿಕೊಳ್ಳೋಕೆ ಬಗ್ಗಿದೆ.

“ಇರ್ಲಾ, ಮುಟ್‌ಬ್ಯಾಡ,” ಅಂದಳು ಚಿಕ್ಕಮ್ಮ. “ಇನ್ನೊಂದ್ ಕಿತ ಒಳಕ್ಕೋದ್ರೂ ಹೋದ್ಲೇ.”

ಎಲ್ಲರೂ ಕಾದೆವು. ಮಿಷನ್ನಿನ ಗುರ್ ಗುರ್ ನಿಂತಿತು. ಅಮ್ಮ ಒಳಕ್ಕೆ ಹೋಗಲಿಲ್ಲ.

ಚಿಕ್ಕಮ್ಮ ಫೋಟೋ ಎತ್ತಿ ಸೆರಗಿನಲ್ಲಿ ಒರೆಸಿದಳು. ಬಾಯಿ ತೆರೆದುಕೊಂಡು ಬೈಯುತ್ತಿದ್ದ ಆ ಮುಖವನ್ನೇ ಒಂದು ಗಳಿಗೆ ನೋಡಿದಳು.

“ಹೋಗಕ್ಕಾ, ಬಸ್ ಬಂತು. ಒಲೆ ನಾನ್ ನೋಡ್ಕತೀನಿ.”