ಹೊಲಿಗೆ ಕೋಣೆಯ ಲೇಸರ್ ಶೋ

ಭಾವ: ಕೈ ತೆಗಿ ಕೀಬೋರ್ಡ್ ಮೇಲಿಂದ! ಇವತ್ತು ನನ್ನ ಸರದಿ.

ಮೈದುನ: ಸರದಿ ಗಿರದಿ ಏನೂ ಇಲ್ಲ ಭಾವ. ಯಾರು ಮೊದಲು ಒತ್ತುತ್ತಾರೋ ಅವರದ್ದು. ನೀವೇ ಮಾಡಿದ ಕಾನೂನು.

ಭಾವ: ಅದನ್ನ ಮಾಡಿದಾಗ ನಿನ್ನ ಬೆರಳು ಇಷ್ಟು ಚುರುಕಾಗಿರಲಿಲ್ಲ ಕಣಯ್ಯ.

ಈ ಇಬ್ಬರೂ ಸೇರಿ ಸೌಂಡ್ ಮತ್ತು ಲೈಟಿಂಗ್ ಅಂಗಡಿ ನಡೆಸುತ್ತಾರೆ. ಸಮಾರಂಭಗಳಿಗೆ ಸ್ಪೀಕರು, ಮೈಕು, ಬಣ್ಣದ ದೀಪ ಬಾಡಿಗೆಗೆ ಕೊಡುವ ಕೆಲಸ. ಕಂಡವರ ಕಾಂಪೌಂಡಿಗೆ ದೀಪದ ಸರ ಕಟ್ಟಿ ಕಟ್ಟಿ ಭಾವನಿಗೆ ಸಾಕಾಗಿದೆ. ಒಮ್ಮೆಯಾದರೂ ಲೇಸರ್ ಶೋ ಮಾಡಿ ಜನ ಬಾಯಿ ಬಿಟ್ಟುಕೊಂಡು ನೋಡುವ ಹಾಗೆ ಮಾಡಬೇಕೆಂಬುದು ಅವನ ಜೀವಮಾನದ ಆಸೆ. ಅದಕ್ಕಾಗಿ ಡೀಲರಿನ ಕೈಕಾಲು ಹಿಡಿದು, ಸ್ವಲ್ಪ ದಿನ ನೋಡಿ ದುಡ್ಡು ಕೊಡುತ್ತೇನೆಂದು ಹೇಳಿ, ಒಂದು ಲೇಸರ್ ಪೆಟ್ಟಿಗೆಯನ್ನು ಮನೆಗೆ ತಂದು ಹಿಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿದ್ದಾನೆ.

ಕೂರಿಸಿದ ದಿನದಿಂದ ಅದು ಕೂತೇ ಇದೆ. ಹೀಗೆ ಕುಣಿ, ಹಾಗೆ ಕುಣಿ ಎಂದು ಪೆಟ್ಟಿಗೆಗೆ ಹೇಳಲು ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಬೇಕು. ಭಾವ ಇಷ್ಟಪಟ್ಟ ಸಾಫ್ಟ್‌ವೇರ್ ವಿಂಡೋಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮಾತ್ರ ಓಡುತ್ತದೆ. ಮೈದುನ ಇಷ್ಟಪಟ್ಟದ್ದು ಲಿನಕ್ಸ್ ಎಂಬ ಇನ್ನೊಂದು ಸಿಸ್ಟಮ್ಮಿನಲ್ಲಿ ಮಾತ್ರ. ಇಬ್ಬರೂ ಪಟ್ಟು ಬಿಡಲಿಲ್ಲ. ಕೊನೆಗೆ ಒಂದೇ ಕಂಪ್ಯೂಟರಿನ ಹೊಟ್ಟೆಯೊಳಗೆ ಎರಡನ್ನೂ ತುಂಬಿದರು. ಈಗ ಅದನ್ನು ಆನ್ ಮಾಡಿದಾಗಲೆಲ್ಲ ಯಾವುದು ಬೇಕೆಂದು ಕೇಳಿ ಒಂದು ಕ್ಷಣ ಕಾಯುತ್ತದೆ. ಆ ಕ್ಷಣದಲ್ಲಿ ಗುಂಡಿ ಒತ್ತಿದವನದು ಅವತ್ತಿನ ರಾಜ್ಯಭಾರ. ಸೋತವನು ಹೋಗಿ ಪ್ಲಗ್ ಕಿತ್ತು ಹಾಕುತ್ತಾನೆ. ಹೀಗಾಗಿ ಆ ಕೋಣೆಯ ಗೋಡೆ ಇದುವರೆಗೆ ಒಂದು ಶೋವನ್ನೂ ಕಂಡಿಲ್ಲ.

ಇವತ್ತು ಕೊನೆಯ ದಿನ. ಊರಿನ ಸಭಾಂಗಣದ ಮ್ಯಾನೇಜರು ಮಧ್ಯಾಹ್ನದ ಟೀ ಹೊತ್ತಿಗೆ ನೋಡಲು ಬರುತ್ತಾರೆ. ಅವರು ಒಪ್ಪಿದರೆ ವರ್ಷವಿಡೀ ಕೆಲಸ. ಒಪ್ಪದಿದ್ದರೆ ಪೆಟ್ಟಿಗೆ ಡೀಲರಿಗೆ ವಾಪಸ್, ಕೋಣೆ ಅಕ್ಕನ ಹೊಲಿಗೆ ಕ್ಲಾಸಿಗೆ. ಅಕ್ಕ ಎಂದರೆ ಭಾವನ ಹೆಂಡತಿ, ಮೈದುನನ ಒಡಹುಟ್ಟಿದವಳು. ತೀರ್ಪು ಬರುವ ಮೊದಲೇ ಅವಳು ಇಸ್ತ್ರಿ ಮೇಜನ್ನು ತಂದು ಕೋಣೆಯ ಮೂಲೆಯಲ್ಲಿ ನಿಲ್ಲಿಸಿಯಾಗಿದೆ.

ಅಕ್ಕ: ಏನ್ರೀ, ಅವರು ಬರೋ ಹೊತ್ತಾಯ್ತು. ಏನಾದ್ರೂ ಹತ್ತಿತಾ?

ಭಾವ: ಹತ್ತುತ್ತೆ ಕಣೇ. ನಿನ್ನ ತಮ್ಮ ಸ್ವಲ್ಪ ಆ ಕಡೆ ಸರಿದರೆ ಎಲ್ಲಾ ಹತ್ತುತ್ತೆ.

ಮೈದುನ: ಅಕ್ಕಾ, ಭಾವನ ಸಾಫ್ಟ್‌ವೇರಲ್ಲಿ ಏನಿದೆ ಗೊತ್ತಾ? ಚಿಟ್ಟೆ. ಒಂದು ಚಿಟ್ಟೆ, ಎರಡು ಚಿಟ್ಟೆ, ದೊಡ್ಡ ಚಿಟ್ಟೆ. ಊರಲ್ಲಿರೋ ಎಲ್ಲಾ ಲೈಟಿಂಗ್‌ನವರ ಹತ್ರಾನೂ ಅದೇ ಚಿಟ್ಟೆ ಇದೆ.

ಭಾವ: ನನ್ನದರಲ್ಲಿ ಚಿಟ್ಟೆ ಆದ್ರೂ ಇದೆ. ನಿನ್ನದರಲ್ಲಿ ಏನಿದೆ ಹೇಳು ನೋಡೋಣ?

ಮೈದುನ: ನನ್ನದರಲ್ಲಿ ಬೇಕಾದ್ದು ನಾವೇ ಬರ್ಕೋಬಹುದು.

ಭಾವ: ಏನು ಬರೆದಿದ್ದೀಯ ಇಷ್ಟು ದಿನ?

ಮೈದುನ: ಒಂದು ವೃತ್ತ.

ಭಾವ: ನೋಡಿದೆ ನೋಡಿದೆ. ಅದು ವೃತ್ತ ಅಲ್ಲ, ಕೋಳಿ ಮೊಟ್ಟೆ.

ಮೈದುನ: ಕಲೆ ಅಂದ್ರೆ ನಿಧಾನ ಭಾವ.

ಭಾವ: ಮ್ಯಾನೇಜರ್ ಬಂದಾಗ ಏನನ್ನೋಣ? ಸ್ವಾಮಿ, ಸದ್ಯಕ್ಕೆ ಮೊಟ್ಟೆ ನೋಡಿ, ಮರಿ ಆಮೇಲೆ ಬರುತ್ತೆ ಅನ್ನೋಣ್ವಾ?

ಅಕ್ಕ ಇಸ್ತ್ರಿಪೆಟ್ಟಿಗೆಗೆ ನೀರು ತುಂಬಿ, ಒಂದು ಅಂಗಿಯ ತೋಳನ್ನು ಮೇಜಿನ ಮೇಲೆ ಹರಡಿದಳು. ಬುಸ್ಸೆಂದು ಆವಿ ಎದ್ದಿತು. ಕಿಟಕಿಗೆ ಹೊದಿಕೆ ಹೊಡೆದು ಕೋಣೆಯನ್ನು ಕತ್ತಲು ಮಾಡಿದ್ದರಿಂದ ಆವಿ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಸುತ್ತಾಡತೊಡಗಿತು.

ಅಕ್ಕ: ಅಲ್ಲ ಕಣ್ರೋ, ನನಗೊಂದು ಅರ್ಥ ಆಗಲ್ಲ. ಹೊಲಿಗೆ ಮೆಷಿನ್ ತಂದಾಗ ನಾನು ದಾರ ಹಾಕಿದೆ, ಹೊಲಿದೆ. ಇದಕ್ಕೆ ಯಾಕೆ ಇಷ್ಟು ರಾಮಾಯಣ? ನನ್ನ ಮೊಬೈಲಲ್ಲಿ ಆಗಲ್ವಾ?

ಭಾವ, ಮೈದುನ: ಛೇ ಛೇ ಛೇ!

ಅಷ್ಟು ದಿನದಲ್ಲಿ ಇಬ್ಬರೂ ಒಂದೇ ಮಾತು ಹೇಳಿದ್ದು ಅದೊಂದೇ ಸಲ.

ಭಾವ: ಪ್ರೊಫೆಷನಲ್ ಅಂದ್ರೆ ವಿಂಡೋಸ್ ಕಣೇ. ಬ್ಯಾಂಕಲ್ಲಿ ಅದೇ, ಆಸ್ಪತ್ರೇಲಿ ಅದೇ.

ಮೈದುನ: ಬ್ಯಾಂಕಲ್ಲಿ ಲೇಸರ್ ಶೋ ಮಾಡ್ತಾರಾ ಭಾವ? ಶೋ ನಡೀತಾ ಇರುವಾಗ ಅಪ್‌ಡೇಟ್ ಅಂತ ನಿಂತುಬಿಟ್ರೆ? ಜನರೆಲ್ಲ ಕತ್ತೆತ್ತಿ ಕೂತಿರ್ತಾರೆ, ನೀವು ಮೈಕ್ ಹಿಡ್ಕೊಂಡು ದಯವಿಟ್ಟು ಕಂಪ್ಯೂಟರ್ ಆಫ್ ಮಾಡಬೇಡಿ ಅಂತ ಅನೌನ್ಸ್ ಮಾಡ್ತೀರಾ?

ಭಾವ: ಅಪ್‌ಡೇಟ್ ಎಲ್ಲಾ ನಿನ್ನೇನೇ ಮುಗಿಸಿದ್ದೀನಿ. ಅದಿರಲಿ, ನಿನ್ನ ಲಿನಕ್ಸಿಗೆ ಈ ಪೆಟ್ಟಿಗೆ ಕಣ್ಣಿಗೇ ಕಾಣ್ತಾ ಇಲ್ವಲ್ಲ! ಎದುರಿಗೇ ಕೂತಿದೆ, ಯಾವುದೂ ಸಿಗಲಿಲ್ಲ ಅಂತ ಬರೆಯುತ್ತೆ.

ಮೈದುನ: ಸಿಗುತ್ತೆ. ನಾಲ್ಕು ಸಾಲು ಟೈಪ್ ಮಾಡಬೇಕು ಅಷ್ಟೆ.

ಭಾವ: ಆ ನಾಲ್ಕು ಸಾಲು ಟೈಪ್ ಮಾಡೋಕೆ ನೀನು ಮೀಸೆ ಬರೋಕೂ ಮೊದಲೇ ಕೂತವನು, ಇನ್ನೂ ಎದ್ದಿಲ್ಲ.

ಅಷ್ಟರಲ್ಲಿ ಭಾವ ಕಂಪ್ಯೂಟರನ್ನು ಆನ್ ಮಾಡಿದ. ಪರದೆ ಬೆಳಗಿ ಯಾವುದು ಬೇಕೆಂದು ಕೇಳಿತು. ನಾಲ್ಕು ಕೈಗಳು ಒಟ್ಟಿಗೆ ಕೀಬೋರ್ಡಿನ ಮೇಲೆ ಬಿದ್ದವು. ಕೀಬೋರ್ಡು ಹಾರಿ ಅಂಗಿಯ ತೋಳಿನ ಮೇಲೆ ಬಿತ್ತು. ಭಾವ ಅದನ್ನು ಹಿಡಿಯಲು ನುಗ್ಗಿದಾಗ ಕಾಲಿಗೆ ಏನೋ ತೊಡರಿತು, ಝಾಡಿಸಿದ, ನೋಡಲಿಲ್ಲ. ಪರದೆಯ ಮೇಲೆ ಒಂದು ಚಕ್ರ ಸುತ್ತತೊಡಗಿತು. ಅದು ಯಾರ ಚಕ್ರವೆಂದು ಹೇಳುವುದು ಕಷ್ಟವಾಗಿತ್ತು.

ಅಕ್ಕನಿಗೆ ರೇಗಿತು. ಕೈಗೆ ಸಿಕ್ಕ ದೊಡ್ಡ ಕತ್ತರಿಯನ್ನು ಮೇಜಿನ ಮೇಲೆ ಠಪ್ಪೆಂದು ಕುಕ್ಕಿದಳು. ಗೋಡೆಯ ಮೇಲೆ ಒಂದು ಹಸಿರು ಗೆರೆ ಫಳಕ್ಕನೆ ಹಾರಿ ಮಾಯವಾಯಿತು.

ಭಾವ: ಬಂತು! ನೋಡಿದ್ಯಾ! ವಿಂಡೋಸ್!

ಮೈದುನ: ವಿಂಡೋಸಾ? ಅದು ಲಿನಕ್ಸಿನ ಗೆರೆ ಭಾವ. ಎಷ್ಟು ನೀಟಾಗಿತ್ತು ನೋಡಿ.

ಭಾವ: ಕಂಪ್ಯೂಟರೇ ಇನ್ನೂ ಎದ್ದಿಲ್ಲ, ನಿನ್ನ ಲಿನಕ್ಸ್ ಎಲ್ಲಿಂದ ಬರುತ್ತೆ?

ಮೈದುನ: ಹಾಗಾದ್ರೆ ನಿಮ್ಮ ವಿಂಡೋಸ್ ಎಲ್ಲಿಂದ ಬಂತು?

ಭಾವ ದನಿ ಏರಿಸಿದ. ವಾದದಲ್ಲಿ ಸೋಲುವ ಹೊತ್ತಿಗೆ ಅವನು ಸದಾ ಮಾಡುವುದು ಅದನ್ನೇ.

ಭಾವ: ನಿನಗೆ ಏನು ಗೊತ್ತೋ! ನಾನು ದೀಪ ಕಟ್ಟೋಕೆ ಶುರು ಮಾಡಿದಾಗ ನೀನು ಚಡ್ಡಿ ಹಾಕ್ಕೊಂಡು ಏಣಿ ಕೆಳಗೆ ನಿಂತಿದ್ದವನು!

ಮೈದುನ: ನಿಂತಿದ್ದೆ! ಯಾಕೆ ನಿಂತಿದ್ದೆ? ನೀವು ಬೀಳ್ತೀರ ಅಂತ!

ಭಾವ: ಬಿದ್ದೆನಾ?

ಮೈದುನ: ಬಿದ್ರಿ! ನನ್ನ ಮೇಲೇ ಬಿದ್ರಿ!

ಭಾವ: ಅದಕ್ಕೆ ತಾನೇ ನಿನ್ನನ್ನ ಪಾರ್ಟ್‌ನರ್ ಮಾಡಿಕೊಂಡಿದ್ದು!

ಪಟ್ಟು ಹಿಡಿದು ಎದುರುಬದುರು ನಿಂತಿದ್ದ ಇಬ್ಬರಿಗೂ ಗೋಡೆಯ ಕಡೆ ಗಮನವಿರಲಿಲ್ಲ. ತಮ್ಮ ಬೆನ್ನ ಹಿಂದೆ ಹಸಿರು ಗೆರೆಗಳು ಸೂರಿನವರೆಗೆ ಏರಿ ಇಳಿಯುತ್ತಿವೆ, ಭಾವ ಗುಡುಗಿದರೆ ಕೆಂಪು ಬೀಸಣಿಗೆ ಬಿಚ್ಚಿಕೊಳ್ಳುತ್ತದೆ, ಮೈದುನ ಕಿರುಚಿದರೆ ನೀಲಿ ಚುಕ್ಕಿಗಳು ಚೆಲ್ಲಾಡುತ್ತವೆ ಎಂಬುದು ಅವರಿಗೆ ತಿಳಿಯಲಿಲ್ಲ. ಇಸ್ತ್ರಿಯ ಆವಿಯಲ್ಲಿ ಬೆಳಕಿನ ಒಂದೊಂದು ಕೋಲೂ ಕೈಯಲ್ಲಿ ಹಿಡಿಯುವಂತೆ ಕಾಣುತ್ತಿತ್ತು. ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದವಳು ಹಾಗೆಯೇ ನಿಂತುಬಿಟ್ಟಳು. ಬಾಗಿಲಲ್ಲಿ ಇನ್ನೊಬ್ಬರೂ ಹಾಗೆಯೇ ನಿಂತಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದಿದ್ದ ಮ್ಯಾನೇಜರು.

ಮ್ಯಾನೇಜರ್: ಅದ್ಭುತ!

ಇಬ್ಬರೂ ಬೆಚ್ಚಿ ಬಾಯಿ ಮುಚ್ಚಿದರು. ಗೋಡೆಯೂ ಬಾಯಿ ಮುಚ್ಚಿತು.

ಮ್ಯಾನೇಜರ್: ನಿಲ್ಲಿಸಿದ್ರಿ ಯಾಕ್ರೀ? ನಾನು ಎಷ್ಟೋ ಲೇಸರ್ ಶೋ ನೋಡಿದ್ದೀನಿ. ಎಲ್ಲಾ ಕಡೆ ಚಿಟ್ಟೆ, ಚಿಟ್ಟೆ, ಚಿಟ್ಟೆ. ಮಾತಿಗೆ ತಕ್ಕ ಹಾಗೆ ಕುಣಿಯೋದನ್ನ ನೋಡಿದ್ದು ಇದೇ ಮೊದಲು. ಅದೂ ಎಂಥಾ ನಾಟಕ! ಏಣಿ, ಬೀಳೋದು... ಕಣ್ಣಲ್ಲಿ ನೀರು ಬಂತು ನನಗೆ.

ಭಾವ: ಅದು... ಸ್ವಾಮಿ... ನಾಟಕ ಅಲ್ಲ...

ಅಕ್ಕ: ಹೂಂ ಸರ್, ನಾಟಕಾನೇ. ಬಹಳ ದಿನದಿಂದ ಪ್ರಾಕ್ಟೀಸ್ ಮಾಡ್ತಿದ್ದಾರೆ. ದಿನಾ ಬೆಳಗ್ಗೆ ಸಂಜೆ.

ಮ್ಯಾನೇಜರ್: ಗೊತ್ತಾಗುತ್ತಮ್ಮಾ, ಎಷ್ಟು ಸಹಜವಾಗಿದೆ! ಇದು ಯಾವ ಸಾಫ್ಟ್‌ವೇರು?

ಭಾವ ಬಾಯಿ ತೆರೆದ. ಮೈದುನನೂ ತೆರೆದ. ಆದರೆ ಮೈದುನನ ಕಣ್ಣು ಆಗಲೇ ನೆಲದ ಮೇಲಿತ್ತು. ಕಂಪ್ಯೂಟರಿನಿಂದ ಪೆಟ್ಟಿಗೆಗೆ ಹೋಗಬೇಕಾಗಿದ್ದ ಕೇಬಲ್ಲು ಭಾವನ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಬಿದ್ದಿತ್ತು. ಅವನು ಮೆಲ್ಲಗೆ ಬಗ್ಗಿ ಪೆಟ್ಟಿಗೆಯ ಬೆನ್ನನ್ನು ನೋಡಿದ. ಅಲ್ಲಿ ಒಂದು ಪುಟ್ಟ ಮೈಕಿನ ಚಿತ್ರ, ಅದರ ಪಕ್ಕದಲ್ಲಿ ಮಿನುಗುವ ದೀಪ.

ಮೈದುನ (ಭಾವನ ಕಿವಿಯಲ್ಲಿ): ಭಾವಾ, ಕೇಬಲ್ ಕಿತ್ತೋಗಿದೆ. ಕೇಬಲ್ ಇಲ್ದಿದ್ರೆ ಈ ಪೆಟ್ಟಿಗೆ ಜೋರು ಸದ್ದು ಕೇಳಿದ್ರೆ ತಾನೇ ಕುಣಿಯುತ್ತೆ.

ಭಾವ (ಮೈದುನನ ಕಿವಿಯಲ್ಲಿ): ಹಾಗಾದ್ರೆ ವಿಂಡೋಸ್?

ಮೈದುನ: ಬೇಕಾಗಿಲ್ಲ.

ಭಾವ: ಲಿನಕ್ಸ್?

ಮೈದುನ: ಅದೂ ಬೇಕಾಗಿಲ್ಲ.

ಇಷ್ಟು ದಿನ ಹೊಡೆದಾಡಿದ್ದು ಬೇಕಾಗಿಯೇ ಇಲ್ಲದ ವಸ್ತುವಿಗೆ ಎಂದು ತಿಳಿದಾಗ ಮನುಷ್ಯನ ಮುಖ ಹೇಗಾಗುತ್ತದೋ, ಆ ಮುಖ ಹೊತ್ತು ಇಬ್ಬರೂ ನಿಂತರು.

ಮ್ಯಾನೇಜರ್: ಹೇಳಬಾರದು ಅಂತಿದ್ರೆ ಬೇಡ ಬಿಡಿ, ವ್ಯಾಪಾರದ ಗುಟ್ಟು. ಯಾವ ಸಿಸ್ಟಮ್ ಮೇಲೆ ಓಡುತ್ತೆ, ಅಷ್ಟಾದ್ರೂ ಹೇಳಿ. ನಮ್ಮ ಎಲೆಕ್ಟ್ರಿಷಿಯನ್ ಕೇಳ್ತಾನೆ.

ಅಕ್ಕ: ನಮ್ಮ ಮನೆಯವರ ಮೇಲೆ ಸರ್. ಅವರಿಲ್ಲದಿದ್ದಾಗ ನನ್ನ ತಮ್ಮನ ಮೇಲೆ. ಕರೆಂಟ್ ಹೋದ್ರೂ ಇವರಿಬ್ಬರು ನಿಲ್ಲಲ್ಲ.

ಮ್ಯಾನೇಜರ್: ಹಾಗಾದ್ರೆ ಮುಗೀತು. ಇದೇ ಶೋ, ಇದೇ ಇಬ್ಬರು, ಈ ಹೊಗೆ ಸಮೇತ. ವರ್ಷಪೂರ್ತಿ ನೀವೇ. ಏನಂತೀರಿ?

  ಎಷ್ಟೋ ವರ್ಷ ಏಣಿಯ ಮೇಲೆ ನಿಂತು ಬೇರೆಯವರ ಸಂತೋಷಕ್ಕೆ ದೀಪ ಕಟ್ಟಿದ ಭಾವ, ತನ್ನದೇ ಶೋ ಎಂಬ ಮಾತು ಕೇಳಿ ಮೈದುನನನ್ನು ಬರಸೆಳೆದು ಅಪ್ಪಿಕೊಂಡ. ಮೈದುನನೂ ಭಾವನ ಹೆಗಲಿಗೆ ಮುಖ ಒರಸಿಕೊಂಡ.

ಭಾವ (ಮೆಲ್ಲಗೆ): ನಿನ್ನ ವೃತ್ತ ಚೆನ್ನಾಗಿತ್ತು ಕಣಯ್ಯ.

ಮೈದುನ (ಇನ್ನೂ ಮೆಲ್ಲಗೆ): ಇಲ್ಲ ಭಾವ, ಅದು ಮೊಟ್ಟೇನೇ. ನಿಮ್ಮ ಚಿಟ್ಟೆಯೇ ವಾಸಿ.

ಕೋಣೆ ಕಪ್ಪಾಗಿ ಕೂತಿತು. ಗೋಡೆಯ ಮೇಲೆ ಒಂದು ಚುಕ್ಕಿಯೂ ಇಲ್ಲ. ಮ್ಯಾನೇಜರು ಕತ್ತಲಲ್ಲಿ ಒಂದು ಹೆಜ್ಜೆ ಮುಂದಿಟ್ಟು ಇಸ್ತ್ರಿ ಮೇಜಿಗೆ ಮೊಣಕಾಲು ತಾಗಿಸಿಕೊಂಡರು.

ಮ್ಯಾನೇಜರ್: ಏನ್ರೀ ಇದು, ಇಷ್ಟು ಬೇಗ ಕೆಟ್ಟೋಯ್ತಾ? ಕೊನೇಲೊಂದು ಜೋರಾಗಿ ತೋರಿಸ್ತೀರಿ ಅಂತ ನಿಂತಿದ್ದೆ. ಹೀಗೆ ನಡುವೆ ಕೈಕೊಡೋದಾದ್ರೆ ನಾನು ಯೋಚನೆ ಮಾಡಬೇಕಾಗುತ್ತೆ.

ಭಾವ: ಇಲ್ಲ ಸ್ವಾಮಿ, ಒಂದು ನಿಮಿಷ. ಲೇ, ಏನಾದ್ರೂ ಬೈಯೋ ನನಗೆ.

ಮೈದುನ: ನಿಮ್ಮನ್ನ ಹೇಗೆ ಬೈಯಲಿ ಭಾವ? ನೀವು ದೇವರಂಥವರು.

ಭಾವ: ನಾನೂ ಅಷ್ಟೇ ಕಣಯ್ಯ, ಬಾಯಿಗೆ ಏನೂ ಬರ್ತಾ ಇಲ್ಲ.

ಮ್ಯಾನೇಜರು ಬಾಗಿಲ ಕಡೆ ತಿರುಗಿದರು. ಅಕ್ಕ ಪರದೆಯ ಮಂಕು ಬೆಳಕಿನಲ್ಲಿ ಗಂಡನ ಮುಖ ನೋಡಿದಳು. ಆ ಮುಖದ ಮೇಲಿದ್ದ ದಿಗಿಲನ್ನು ಅವಳಿಗೆ ನೋಡಲಾಗಲಿಲ್ಲ. ಹೊಲಿಗೆ ಕ್ಲಾಸಿನ ಆಸೆ ಒಂದು ಕಡೆ, ಆ ಮುಖ ಒಂದು ಕಡೆ. ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡಳು.

ಅಕ್ಕ: ಸರ್, ಒಂದು ಷರತ್ತು. ಇವರು ಇನ್ನು ಮೇಲೆ ಪ್ರಾಕ್ಟೀಸ್ ಎಲ್ಲಾ ನಿಮ್ಮ ಹಾಲಲ್ಲೇ ಮಾಡಲಿ, ಕೋಣೆ ನನಗೆ ಬಿಟ್ಟುಕೊಡಲಿ. ಒಪ್ಪಿದ್ರೆ ಶೋ ಈಗಲೇ ಶುರು ಮಾಡಿಸ್ತೀನಿ.

ಮ್ಯಾನೇಜರ್: ಧಾರಾಳವಾಗಿ ಮಾಡಲಿ. ಆದ್ರೆ ಹೇಗೆ ಶುರು ಮಾಡಿಸ್ತೀರಮ್ಮಾ?

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಬುಸ್ಸೆಂದು ಒಂದು ಸಲ ಆವಿ ಬಿಟ್ಟಳು. ಆಮೇಲೆ ಅಪ್ಪಿಕೊಂಡು ನಿಂತಿದ್ದ ಇಬ್ಬರ ಕಡೆ ತಿರುಗಿ, ಏನೂ ತಿಳಿಯದವಳ ಹಾಗೆ ಕೇಳಿದಳು.

ಅಕ್ಕ: ಅಲ್ಲ, ಹೊರಗೆ ಅಂಗಡಿ ಬೋರ್ಡ್ ಮೇಲೆ ಲೇಸರ್ ಶೋ ಅಂತ ಬರೆಸ್ತೀವಲ್ಲ, ಅದರ ಕೆಳಗೆ ಯಾರ ಹೆಸರು ಮೊದಲು?

ಗೋಡೆ ಧಗ್ಗೆಂದು ಹತ್ತಿಕೊಂಡಿತು.